ಗುಡ್ಡದ ಬುಡದ ಹಟ್ಟಿಯಲ್ಲಿ ಹೆಂಗಸರ ಬೀಜ ಬ್ಯಾಂಕ್: ಯಾವ ಬೀಜ, ಎಷ್ಟು, ಹೇಗೆ ಕಾಯೋದು?

ನೀವು ಕೇಳಿದ್ದು: ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ಕಡೆ ಗುಡ್ಡದ ಬುಡದ ಮ್ಯಾಸನಾಯಕರ (ದನ ಸಾಕುವ ಬುಡಕಟ್ಟಿನವರ) ಹಟ್ಟಿ, ಸಂಘದಲ್ಲಿ 15 ಹೆಂಗಸರು, ಮಳೆ ಹಿಂದೆಮುಂದೆ ಆಗ್ತಿದೆ, ಬೀಜ ಕೂಡಿಟ್ಟು ಸಾಲವಾಗಿ ಕೊಡೋ ಬೀಜ ಬ್ಯಾಂಕ್ ಮಾಡಿದರೆ ಪ್ರಯೋಜನ ಇದೆಯಾ?

ಇದೆ. ಆದರೆ ಐವತ್ತು ಡಬ್ಬಿಯಲ್ಲಿ ಐವತ್ತು ತಳಿ ಜೋಡಿಸಿ ಫೋಟೊ ತೆಗೆಸೋ ಬ್ಯಾಂಕ್ ಬೇಡ. ಮಹಾರಾಷ್ಟ್ರದ ಅಕೋಲೆ ಗುಡ್ಡಗಾಡಿನ ಆದಿವಾಸಿ ಮಹಿಳೆ ರಾಹೀಬಾಯಿ ಪೋಪೆರೆ (2020ರ ಪದ್ಮಶ್ರೀ), ನಮ್ಮ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸಂಘ (ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಕೊಡುವ ಈಕ್ವೇಟರ್ ಪ್ರಶಸ್ತಿ, 2025), ಇವರೆಲ್ಲ ಬೀಜವನ್ನು ರೈತರಿಗೆ ಹಂಚುತ್ತಲೇ ಬಂದವರು.

ಯಾವ ಬೀಜ ಅನ್ನೋ ಲೆಕ್ಕವನ್ನು ಮಳೆ ನಕ್ಷತ್ರದ ಮೇಲೆ ಹಾಕಿ. ಮೃಗಶಿರ, ಆರಿದ್ರದಲ್ಲಿ (ಜೂನ್ ಎರಡನೇ ವಾರದಿಂದ ಜುಲೈ ಮೊದಲ ವಾರದವರೆಗೆ) ಹದ ಸಿಕ್ಕರೆ ತೊಗರಿ, ಸಜ್ಜೆ, ಶೇಂಗಾ. ಪುನರ್ವಸು, ಪುಷ್ಯಕ್ಕೆ ಜಾರಿದರೆ ನವಣೆ, ಸಾಮೆ, ರಾಗಿ. ಆಶ್ಲೇಷವೂ ಹುಸಿಹೋಗಿ ಮಘೆಯಲ್ಲಿ (ಆಗಸ್ಟ್ ಎರಡನೇ ಅರ್ಧ) ಮಳೆ ಬಂತು ಅನ್ನಿ, ಆಗ ಕೈ ಹಿಡಿಯೋದು ಹುರುಳಿ ಮತ್ತು 70–75 ದಿನಕ್ಕೆ ಕೊಯ್ಲಿಗೆ ಬರೋ ಸಿರಿಧಾನ್ಯ ಬರಗು. ಆ ಹೊತ್ತಿಗೆ ಅಂಗಡಿ ಸುತ್ತಿದರೆ ಬರಗಿನ ಬೀಜ ಸಿಗೋದು ಕಷ್ಟ. ಹಾಗಾಗಿ ನಿಮ್ಮ ಮೊದಲ ಚೀಲಗಳು ಇವೆರಡೇ ಆಗಿರಲಿ. ಕೂರಿಗೆಯಲ್ಲಿ ಬಿತ್ತಿದರೆ ಎಕರೆಗೆ ಬರಗು 4 ಕೆಜಿ, ಹುರುಳಿ 10 ಕೆಜಿ ಬೇಕು. ಮನೆಗೊಂದು ಎಕರೆಯಂತೆ 60 ಕೆಜಿ ಬರಗು, 150 ಕೆಜಿ ಹುರುಳಿ. ಶೇಂಗಾ ಬ್ಯಾಂಕಿಗೆ ಬೇಡ. ಎಕರೆಗೆ 40–50 ಕೆಜಿ ಬೀಜ ಹಿಡಿಯುತ್ತೆ, ಮೊಳಕೆ ಶಕ್ತಿಯೂ ಬೇಗ ಕುಂದುತ್ತೆ.

ಬೀಜ ಆರಿಸೋದು ಕಣದಲ್ಲಲ್ಲ, ಕೊಯ್ಲಿಗೆ ಮುಂಚೆ ನಿಂತ ಬೆಳೆಯಲ್ಲಿ. ಬದುವಿನ ಸಾಲು ಬಿಟ್ಟು ಹೊಲದ ನಡುವಿನಿಂದ ತೆನೆ ಆರಿಸಿ. ನವಣೆ ತನ್ನ ಪರಾಗದಿಂದಲೇ ಕಾಳು ಕಟ್ಟೋದರಿಂದ ತಳಿ ಅಷ್ಟಾಗಿ ಕೆಡೋದಿಲ್ಲ. ಸಜ್ಜೆ ಹಾಗಲ್ಲ, ಪಕ್ಕದ ಹೊಲದ ಹೈಬ್ರಿಡ್ ಜೊತೆ ಬೆರೆಯುತ್ತೆ; ಕನಿಷ್ಠ 200 ಮೀಟರ್ ದೂರ ಇರಬೇಕು. ರಸ್ತೆ ಮೇಲೆ ಹರಡಿ ಗಾಡಿ ಹಾಯಿಸಿದ ಕಾಳು ಬೀಜಕ್ಕೆ ಬರೋದಿಲ್ಲ, ಒಳಗೆ ಸೀಳಿರುತ್ತೆ.

ಒಣಗಿಸೋದು ಬೆಳಗಿನ ಬಿಸಿಲಲ್ಲಿ ಎರಡು ಮೂರು ದಿನ, ನಡುಮಧ್ಯಾಹ್ನ ಕಾದ ಬಂಡೆ ಮೇಲೆ ಖಂಡಿತ ಬೇಡ. ಹಲ್ಲಿಗೆ ಹಾಕಿದರೆ ‘ಕಟ್’ ಅನ್ನಬೇಕು. ಸಿಪ್ಪೆ ಇರೋ ಸಿರಿಧಾನ್ಯಕ್ಕೆ ಹುಳದ ಕಾಟ ಕಡಿಮೆ. ಹುರುಳಿ, ಅಲಸಂದೆ, ಅವರೆಗೆ ಮಾತ್ರ ಹುಳದ ಮೊಟ್ಟೆ ಹೊಲದಿಂದಲೇ ಅಂಟಿಕೊಂಡು ಬರುತ್ತೆ. ಮಾಮೂಲಿ ಡಬ್ಬಿಯಲ್ಲಿ ಮುಚ್ಚಿಟ್ಟರೂ ಒಳಗೇ ಮರಿಯಾಗುತ್ತೆ. ಕೆಜಿಗೆ 5 ಮಿಲಿ ಹರಳೆಣ್ಣೆ ಅಥವಾ ಬೇವಿನೆಣ್ಣೆ ಸವರಿ, ಇಲ್ಲವೇ ಜರಡಿ ಹಿಡಿದ ಒಲೆ ಬೂದಿಯಲ್ಲಿ ಹೂತಂತೆ ಬೆರೆಸಿಡಿ. ಹಸಿ ಇರೋ ಕಾಳನ್ನು ಪ್ಲಾಸ್ಟಿಕ್ಕಿಗೆ ತುಂಬಿದರೆ ಬೂಷ್ಟು ಗ್ಯಾರಂಟಿ.

ಮೇ ಮಧ್ಯದಲ್ಲಿ 100 ಕಾಳು ಎಣಿಸಿ ಒದ್ದೆ ಗೋಣಿಬಟ್ಟೆಯಲ್ಲಿ ಸುತ್ತಿಡಿ. ಐದು ದಿನಕ್ಕೆ 75 ಮೊಳೆತರೆ ಸರಿ. 60 ಆದರೆ ಎಕರೆಗೆ ಕಾಲು ಭಾಗ ಜಾಸ್ತಿ ಬಿತ್ತಿ. 50ಕ್ಕಿಂತ ಕೆಳಗಾದರೆ ಬೀಜದ ಲೆಕ್ಕದಿಂದ ತೆಗೆಯಿರಿ. ಎಣ್ಣೆ ಸವರದೇ ಇಟ್ಟ ಕಾಳಾದರೆ ಅಡುಗೆಗೆ ಬಳಸಿ.

ಸಾಲದ ನಿಯಮ: ಕೆಜಿ ಒಯ್ದವರು ಸುಗ್ಗಿಗೆ ಒಂದೂವರೆ ಕೆಜಿ ತರಬೇಕು, ಬೆಳೆ ಹೋದ ವರ್ಷ ಮಾಫಿ ಇಲ್ಲ, ಮುಂದಕ್ಕೆ ಹಾಕಬಹುದು. ಬಿತ್ತನೆ ಲೆಕ್ಕದ ಮೇಲೆ ಅದರ ಅರ್ಧದಷ್ಟು ಹೆಚ್ಚು ಕೂಡಿಟ್ಟು, ಒಟ್ಟು ಬೀಜದ ಆ ಮೂರನೇ ಒಂದು ಭಾಗ ಯಾರಿಗೂ ಕೊಡಬೇಡಿ, ಅಧ್ಯಕ್ಷೆಯ ತವರಿಗೂ. ಬ್ಯಾಂಕ್ ಕೆಡೋದು ಹೆಚ್ಚಾಗಿ ಸಾಲ ತೀರಿಸುವಾಗ: ತಮ್ಮ ಹೊಲದ ಬೀಜದ ಬದಲು ಸಂತೆ ಕಾಳು ತಂದು ಸುರಿದುಬಿಡುತ್ತಾರೆ. ಅದಕ್ಕೇ ತೆನೆ ಹಾಲುಗಾಳಾಗಿದ್ದಾಗ ಇಬ್ಬರು ಹೋಗಿ ಸಾಲಗಾರರ ಹೊಲ ನೋಡಿ ಬರಲಿ.

ಇನ್ನೊಂದು, ನನ್ನ ಪ್ರಕಾರ ಇದೇ ದೊಡ್ಡದು. ನವಣೆ, ಸಾಮೆ ಬಿಟ್ಟುಹೋಗಿದ್ದಕ್ಕೆ ಮಳೆಯೊಂದೇ ಕಾರಣ ಅಲ್ಲ. ಕುಟ್ಟೋ ಕೆಲಸ ಪೂರ್ತಿ ಹೆಂಗಸರ ರಟ್ಟೆ ಮೇಲಿತ್ತು, ರೇಷನ್ ಅಕ್ಕಿ ಬಂದಮೇಲೆ ಒನಕೆ ಮೂಲೆ ಸೇರಿತು. ಸಿಪ್ಪೆ ತೆಗೆಯೋ ಮಿಲ್ ಹತ್ತಿರ ಇಲ್ಲದಿದ್ದರೆ ನಿಮ್ಮ ಬ್ಯಾಂಕೂ ಎರಡು ವರ್ಷದಲ್ಲಿ ಸೊರಗುತ್ತೆ. ಹಿರಿಯೂರಿನ ಬಬ್ಬೂರು ಫಾರ್ಮಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಯಂತ್ರ ಕೊಳ್ಳೋ ಮುಂಚೆ ನಿಮ್ಮದೇ 5 ಕೆಜಿ ನವಣೆ ಒಯ್ದು ಹಾಕಿಸಿ ನೋಡಿ. ಕಲ್ಲು ತೆಗೆದು ಜರಡಿಯಲ್ಲಿ ಗಾತ್ರ ಬೇರೆ ಮಾಡಿಕೊಂಡೇ ಹೋಗಿ, ಇಲ್ಲದಿದ್ದರೆ ದಪ್ಪ ಕಾಳು ನುಚ್ಚಾಗುತ್ತೆ, ಸಣ್ಣದು ಸಿಪ್ಪೆ ಸಮೇತ ವಾಪಸ್ ಬರುತ್ತೆ.