ಓದುಗರ ಪ್ರಶ್ನೆ: ಎಲ್ಲ ಪಾಠದಲ್ಲೂ ಕಂಪ್ಯೂಟರ್

ಪ್ರಶ್ನೆ: ನಮ್ಮ ಸರ್ಕಾರಿ ಪ್ರೌಢಶಾಲೆಯ ಎಂಟನೇ ತರಗತಿಯಲ್ಲಿ 40 ಮಕ್ಕಳಿದ್ದಾರೆ, ನೆಟ್ಟಗೆ ಕೆಲಸ ಮಾಡುವ ಕಂಪ್ಯೂಟರ್ 8. ವಾರಕ್ಕೊಂದು ಪೀರಿಯಡ್. ಪೇಂಟ್‌ನಲ್ಲಿ ಚಿತ್ರ ಬಿಡಿಸಿ, ಹೆಸರು ಟೈಪ್ ಮಾಡುವಷ್ಟಕ್ಕೇ ನಿಂತಿದೆ. ಬೇರೆ ಪಾಠಗಳಿಗೆ ಇದನ್ನು ಬೆಸೆಯುವುದು ಹೇಗೆ?
– ವಿಜ್ಞಾನ ಶಿಕ್ಷಕಿ, ಹಾವೇರಿ ಜಿಲ್ಲೆ

ಉತ್ತರ: ಪೇಂಟ್ ಬಿಡಿ, ಮಳೆ ಹಿಡಿಯಿರಿ. 2 ಲೀಟರಿನ ತಂಪುಪಾನೀಯದ ಬಾಟಲಿಯನ್ನು ಅದು ಕಿರಿದಾಗತೊಡಗುವ ಜಾಗದಲ್ಲಿ ಕತ್ತರಿಸಿ, ಮೇಲಿನ ತುಂಡನ್ನು ತಲೆಕೆಳಗಾಗಿ ಆಲಿಕೆಯಂತೆ ಒಳಗೆ ಕೂರಿಸಿ. ತಳ ಸಮತಟ್ಟಾಗಿರುವುದಿಲ್ಲ. ಆದ್ದರಿಂದ ಗೋಡೆ ನೇರವಾಗುವವರೆಗೆ ಕಲ್ಲುಹರಳು, ನೀರು ತುಂಬಿ, ಆ ಮಟ್ಟವನ್ನೇ ಸೊನ್ನೆ ಎಂದು ಗುರುತಿಸಿ. ಅಲ್ಲಿಂದ ಮೇಲಕ್ಕೆ ಮಿಲಿಮೀಟರ್ ಪಟ್ಟಿ ಅಂಟಿಸಿ. ಮರ, ಗೋಡೆಗಳಿಂದ ದೂರವಿಟ್ಟು ಬೆಳಿಗ್ಗೆ 8.30ಕ್ಕೆ ಅಳೆಯಿರಿ, ಹವಾಮಾನ ಇಲಾಖೆ ಅಳೆಯುವುದೂ ಅದೇ ಹೊತ್ತಿಗೆ. ಅಳೆದ ಮೇಲೆ ನೀರನ್ನು ಮತ್ತೆ ಸೊನ್ನೆ ಗುರುತಿಗೆ ತನ್ನಿ.

ಇನ್ನು ಲಿಬ್ರೆಆಫೀಸ್ ಕ್ಯಾಲ್ಕ್, ಅಂದರೆ ಅಂಕಿಗಳನ್ನು ಸಾಲು, ಕಾಲಂಗಳಲ್ಲಿ ಬರೆದು ಲೆಕ್ಕ ಹಾಕುವ ತಂತ್ರಾಂಶ. ಎ ಕಾಲಂನಲ್ಲಿ ದಿನಾಂಕ, ಬಿ ಕಾಲಂನಲ್ಲಿ ಮಳೆ, ಸಿ ಕಾಲಂನಲ್ಲಿ ಟಿಪ್ಪಣಿ. ಎಡವುವುದು ಇಲ್ಲೇ. ಮಕ್ಕಳು ‘12 ಮಿ.ಮೀ.’ ಎಂದು ಬರೆಯುತ್ತಾರೆ. ಆಗ ಅದು ಸಂಖ್ಯೆಯಾಗಿ ಉಳಿಯದೆ ಪಠ್ಯವಾಗುತ್ತದೆ, ಮೊತ್ತ ಕೂಡುವ ಸಮ್ ಸೂತ್ರ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಗುರುತಿಸುವುದು ಸುಲಭ: ಸಂಖ್ಯೆ ಕೋಶದ ಬಲಕ್ಕೆ ಒತ್ತಿ ನಿಲ್ಲುತ್ತದೆ, ಪಠ್ಯ ಎಡಕ್ಕೆ. ಮಿ.ಮೀ. ಎಂಬುದು ಕಾಲಂನ ತಲೆಬರಹದಲ್ಲಿರಲಿ. ಜೂನ್ 12 ಎಂಬರ್ಥದಲ್ಲಿ 12/6 ಎಂದು ಬರೆದದ್ದು ಡಿಸೆಂಬರ್ 6 ಆದರೆ, ಟೂಲ್ಸ್–ಆಪ್ಷನ್ಸ್‌ನ ಭಾಷಾ ವಿಭಾಗದಲ್ಲಿ ಲೊಕೇಲ್ (ಯಾವ ದೇಶದ ಪದ್ಧತಿ ಎಂಬ ಆಯ್ಕೆ) ಅನ್ನು ಭಾರತಕ್ಕೆ ಬದಲಿಸಿ.

ನಿಜವಾದ ಪಾಠ ಇರುವುದು ಸೊನ್ನೆಯಲ್ಲಿ. ಒಂದು ವಾರದ ಮಳೆ 12, 0, 5, 0, 0, 18, 7 ಎಂದುಕೊಳ್ಳಿ. ಒಟ್ಟು 42, ಸರಾಸರಿ 6. ಮಳೆ ಬಾರದ ದಿನ ಕೋಶವನ್ನು ಖಾಲಿ ಬಿಟ್ಟರೆ ಕಂಪ್ಯೂಟರ್ 42ನ್ನು 4ರಿಂದ ಭಾಗಿಸಿ 10.5 ಎನ್ನುತ್ತದೆ. ಮಳೆ ಬಾರದಿದ್ದರೆ 0, ಯಾರೂ ಅಳೆಯದಿದ್ದರೆ ಖಾಲಿ – ಈ ವ್ಯತ್ಯಾಸ ಮೊದಲ ದಿನವೇ ಹೇಳಿ. ಭಾನುವಾರ ಅಳೆಯದಿದ್ದರೆ ಸೋಮವಾರದ ಅಂಕಿ ಎರಡು ದಿನದ್ದು. ಅದನ್ನು ಟಿಪ್ಪಣಿಯಲ್ಲಿ ಬರೆಸಿ. ನಕ್ಷೆಗೆ ಸ್ತಂಭಾಲೇಖವೇ ಸರಿ. ಮಕ್ಕಳಿಗೆ ಬಣ್ಣಬಣ್ಣದ ಪೈ ನಕ್ಷೆಯ ಮೇಲೆಯೇ ಕಣ್ಣು, ಆದರೆ ಯಾವ ದಿನದ ನಂತರ ಯಾವುದು ಎಂಬುದು ಅದರಲ್ಲಿ ಕಾಣುವುದಿಲ್ಲ. ಇದೇ ಹಾಳೆ ಗಣಿತಕ್ಕೆ ಸರಾಸರಿ, ಸಮಾಜ ವಿಜ್ಞಾನಕ್ಕೆ ಮುಂಗಾರು.

40 ಮಕ್ಕಳನ್ನು ಒಟ್ಟಿಗೆ ಕೂರಿಸಬೇಡಿ. ಒಂದು ವಾರ 20 ಮಕ್ಕಳು ಕಂಪ್ಯೂಟರ್ ಮುಂದೆ, ಒಂದಕ್ಕೆ ಇಬ್ಬರು ಅಥವಾ ಮೂವರು. ಉಳಿದ 20 ಮಂದಿ ಅದೇ ಅಂಕಿಗಳಿಗೆ ಗ್ರಾಫ್ ಹಾಳೆಯಲ್ಲಿ ಕೈಯಿಂದ ನಕ್ಷೆ ಬಿಡಿಸಲಿ. ಮುಂದಿನ ವಾರ ಅದಲುಬದಲು. ಹತ್ತು ನಿಮಿಷಕ್ಕೊಮ್ಮೆ ಮೌಸ್ ಕೈ ಬದಲಾಗಲಿ, ಇಲ್ಲವಾದರೆ ವರ್ಷಪೂರ್ತಿ ಒಬ್ಬರೇ ಹಿಡಿದಿರುತ್ತಾರೆ.

ಪ್ರಶ್ನೆ: ಮಕ್ಕಳು ಟೈಪ್ ಮಾಡಿದ ಕನ್ನಡ ಪ್ರಬಂಧವನ್ನು ಮೊಬೈಲ್‌ಗೆ ಕಳಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಯಾಕೆ?
– ಕನ್ನಡ ಶಿಕ್ಷಕರು, ತುಮಕೂರು

ಉತ್ತರ: ಹಳೆಯ ಫಾಂಟ್‌ಗಳು ಕನ್ನಡ ಅಕ್ಷರದ ಚೂರುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಇಟ್ಟಿದ್ದವು. ಆ ಫಾಂಟ್ ಇಲ್ಲದ ಕಡೆ ಒಳಗಿದ್ದದ್ದು ಹೊರಗೆ ಕಾಣುತ್ತದೆ, ಅಷ್ಟೆ. ಇಂದಿನಿಂದಲೇ, ಎಲ್ಲ ಕಂಪ್ಯೂಟರ್, ಮೊಬೈಲ್‌ಗಳೂ ಕನ್ನಡ ಅಕ್ಷರಕ್ಕೆ ಒಂದೇ ಸಂಕೇತ ಬಳಸುವ ಯೂನಿಕೋಡ್‌ಗೆ ಬನ್ನಿ. ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಹೊಸ ಆವೃತ್ತಿಯಲ್ಲಿ ಯೂನಿಕೋಡ್ ಆಯ್ಕೆ ಇದೆ. ವಿಂಡೋಸ್‌ನಲ್ಲಿ ಭಾಷಾ ಸೆಟ್ಟಿಂಗ್‌ಗೆ ಹೋಗಿ ಕನ್ನಡ ಸೇರಿಸಿಕೊಂಡರೂ ಕೀಲಿಮಣೆ ಸಿಗುತ್ತದೆ.

ಕನ್ನಡ ಮೇಷ್ಟರಿಗೆ ಇದರಲ್ಲಿ ಒಂದು ಲಾಭವೂ ಇದೆ. ಯೂನಿಕೋಡ್‌ನಲ್ಲಿ ಅಕ್ಷರಗಳನ್ನು ಕಾಣುವ ಕ್ರಮದಲ್ಲಲ್ಲ, ಉಚ್ಚರಿಸುವ ಕ್ರಮದಲ್ಲಿ ಒತ್ತಬೇಕು. ‘ಕನ್ನಡ’ಕ್ಕೆ ಐದು ಸಲ ಕೀಲಿ ಒತ್ತಬೇಕು: ಕ, ನ, ಅರ್ಧಾಕ್ಷರದ ಕೀಲಿ, ನ, ಡ. ನುಡಿಯ ವಿನ್ಯಾಸದಲ್ಲಿ ಆ ಕೀಲಿ ಇಂಗ್ಲಿಷಿನ ಎಫ್. ಸಜಾತೀಯ, ವಿಜಾತೀಯ ಸಂಯುಕ್ತಾಕ್ಷರಗಳ ಪಾಠವನ್ನು ಕೀಲಿಮಣೆಯ ಮೇಲೆಯೇ ಮಾಡಬಹುದು. ತಪ್ಪುವುದು ಅರ್ಕಾವತ್ತಿನಲ್ಲಿ. ‘ಸೂರ್ಯ’ದಲ್ಲಿ ರ ಮೊದಲು, ಯ ಆಮೇಲೆ. ಕಣ್ಣಿಗೆ ಕಂಡಂತೆ ಒತ್ತಿದವರಿಗೆ ‘ಸೂಯ್ರ’ ಸಿಗುತ್ತದೆ. ಕೆಲವರು ಸಿಟ್ಟಿಗೆದ್ದು ಕನ್ನಡದ ಒಂಬತ್ತನ್ನೇ ಅರ್ಕಾವತ್ತು ಮಾಡಿ ‘ಸೂಯ೯’ ಎಂದು ಬರೆದುಬಿಡುತ್ತಾರೆ. ನೋಡಲು ಹೆಚ್ಚುಕಡಿಮೆ ಸರಿ, ಆದರೆ ಹುಡುಕಿದರೆ ಸಿಗದು, ಕಾಗುಣಿತ ಪರೀಕ್ಷಕವೂ ಒಪ್ಪದು. ಅಂಕ ಕಳೆಯಲು ಹಿಂಜರಿಯಬೇಡಿ.

ಪ್ರಶ್ನೆ: ಜಿಯೋಜೀಬ್ರ ಎಂಬ ಗಣಿತ ತಂತ್ರಾಂಶದಲ್ಲಿ ತ್ರಿಭುಜದ ಕೋನ ಅಳೆದರೆ 60ರ ಬದಲು 300 ಡಿಗ್ರಿ ಬರುತ್ತದೆ.
– ಗಣಿತ ಶಿಕ್ಷಕಿ, ಕೊಪ್ಪಳ

ಉತ್ತರ: ಅದು ಅಪ್ರದಕ್ಷಿಣವಾಗಿ ಅಳೆಯುತ್ತದೆ. ಮೂರು ಬಿಂದುಗಳನ್ನು ತಿರುವುಮುರುವಾಗಿ ಒತ್ತಿ, ಸರಿಹೋಗುತ್ತದೆ. ಮೂರು ಕೋನ ಕೂಡಿದಾಗ 180.01 ಬಂದರೆ ಗಾಬರಿ ಬೇಡ: ತೆರೆಯ ಮೇಲಿರುವುದು ಹತ್ತಿರದ ದಶಮಾಂಶಕ್ಕೆ ಸರಿಹೊಂದಿಸಿದ ಅಂಕಿಗಳು. ‘ಸಿದ್ಧಾಂತ ಸುಳ್ಳಾಯಿತಾ ಮಿಸ್?’ ಎಂದು ಯಾರಾದರೂ ಕೇಳಿದರೆ ಅವತ್ತಿನ ಪೀರಿಯಡ್ ಸಾರ್ಥಕ.

ಪ್ರಶ್ನೆ: ಪ್ರಾಜೆಕ್ಟ್ ಕೊಟ್ಟರೆ ಅಂತರ್ಜಾಲದಿಂದ ಹಾಗೆಯೇ ಇಳಿಸಿ ತರುತ್ತಾರೆ. ಇದಕ್ಕೆ ಏನು ಮಾಡುವುದು?
– ಸಮಾಜ ವಿಜ್ಞಾನ ಶಿಕ್ಷಕರು, ಹೊಸಪೇಟೆ

ಉತ್ತರ: ‘ಹಂಪಿಯ ಬಗ್ಗೆ ಬರೆಯಿರಿ’ ಎಂದರೆ ಇಳಿಸಿಯೇ ತರುತ್ತಾರೆ, ಪ್ರಶ್ನೆಯೇ ಹಾಗಿದೆ. ‘ಹಂಪಿ ಯಾವ ಜಿಲ್ಲೆಯಲ್ಲಿದೆ? ಎರಡು ಪುಟ ನೋಡಿ, ಎರಡರ ವಿಳಾಸವನ್ನೂ ಬರೆದ ದಿನಾಂಕವನ್ನೂ ಗುರುತು ಹಾಕಿಕೊಂಡು ಬನ್ನಿ’ ಎನ್ನಿ. ಒಂದು ಗುಂಪು ಬಳ್ಳಾರಿ ಎನ್ನುತ್ತದೆ, ಇನ್ನೊಂದು ವಿಜಯನಗರ. 2021ರಲ್ಲಿ ವಿಜಯನಗರ 31ನೇ ಜಿಲ್ಲೆಯಾಯಿತು. ಅದಕ್ಕೂ ಹಿಂದೆ ಬರೆದ ಪುಟಗಳು ತಿದ್ದುಪಡಿಯಾಗದೆ ಹಾಗೇ ಉಳಿದಿವೆ. ಪುಟದಲ್ಲಿ ದಿನಾಂಕವೇ ಇಲ್ಲದಿದ್ದರೆ, ಆ ಪುಟ ರಾಜ್ಯದಲ್ಲಿ ಎಷ್ಟು ಜಿಲ್ಲೆ ಎನ್ನುತ್ತದೆ ಎಂದು ಹುಡುಕಿಸಿ. 30 ಎಂದಿದ್ದರೆ ಅದು ಎಷ್ಟು ಹಳೆಯದೆಂದು ಮಕ್ಕಳೇ ಹೇಳುತ್ತಾರೆ.