ಬಟ್ಟೆ ಒಣಗಿಸುವ ಬೀರು: ಬಿದಿರೋ, ತಗಡೋ?

ಕೊಡಗಿನ ನಾಪೋಕ್ಲು ಬಳಿಯ ಓದುಗರೊಬ್ಬರು ನಮಗೆ ನಾಲ್ಕು ಪುಟದ ಪತ್ರ, ಜೊತೆಗೆ ಒಂದು ನಕ್ಷೆ ಕಳಿಸಿದ್ದಾರೆ. ಅವರು ಮೆಕ್ಯಾನಿಕಲ್ ಡಿಪ್ಲೊಮಾ ಓದಿದವರು, ಮದುವೆಯಾಗಿ ತೋಟದ ಮನೆಗೆ ಬಂದವರು. ಜೂನ್ ಹಿಡಿದು ಸೆಪ್ಟೆಂಬರ್ ಮುಗಿಯುವವರೆಗೆ ಮಕ್ಕಳ ಯೂನಿಫಾರ್ಮು ಒಣಗುವುದಿಲ್ಲ, ಮುಗ್ಗಲು ವಾಸನೆ ಬಿಡುವುದಿಲ್ಲ. ಅದಕ್ಕಾಗಿ ಕರೆಂಟಿನಲ್ಲಿ ಬಟ್ಟೆ ಒಣಗಿಸುವ ಒಂದು ಬೀರುವನ್ನು ತಾವೇ ವಿನ್ಯಾಸ ಮಾಡುತ್ತಿದ್ದಾರೆ. ಚೌಕಟ್ಟು ಸಿಲ್ವರ್ ಓಕ್, ಮೈ ಬಿದಿರಿನದು, ಬಾಗಿಲಿಗೆ ಕಾಫಿ ಹೊಟ್ಟನ್ನು ಅಂಟಿನಲ್ಲಿ ಒತ್ತಿದ ಹಲಗೆ, ಫ್ಯಾನು ಮತ್ತು ಹೀಟರಿನ ಗೂಡು ಮೆಕ್ಕೆಜೋಳದ ಪಿಷ್ಟದಿಂದಾದ ಪ್ಲಾಸ್ಟಿಕ್ಕಿನಲ್ಲಿ ತ್ರೀಡಿ ಪ್ರಿಂಟ್. ಒಳಗೆ 1,000 ವ್ಯಾಟಿನ ಹೀಟರ್, ದಿನಕ್ಕೆ ಎರಡು ಗಂಟೆ. ‘ಜಿಐ ತಗಡಿನಲ್ಲಿ (ಸತು ಲೇಪಿಸಿದ ಉಕ್ಕಿನ ಹಾಳೆ) ಮಾಡಿಸಿ ಮುಗಿಸಮ್ಮ’ ಎನ್ನುತ್ತಾರಂತೆ ಮಾವ. ‘ಪರಿಸರಕ್ಕೆ ಒಳ್ಳೆಯದು ಯಾವುದು? ನಮ್ಮಿಬ್ಬರಲ್ಲಿ ಯಾರು ಸರಿ?’ ಎಂದು ಅವರ ಪ್ರಶ್ನೆ.

ಸಂಪಾದಕರ ಉತ್ತರ:

ನಿಮ್ಮ ಮಾವನವರ ಮಾತನ್ನು ಅಷ್ಟು ಬೇಗ ತಳ್ಳಿಹಾಕಬೇಡಿ. ಅವರು ತಗಡು ಎಂದಿದ್ದು ಬೇರೆ ಕಾರಣಕ್ಕಿರಬಹುದು, ಆದರೆ ಲೆಕ್ಕ ಅವರ ಕಡೆಗೂ ಸ್ವಲ್ಪ ವಾಲುತ್ತದೆ.

ಒಂದು ಕೆಜಿ ಉಕ್ಕು ತಯಾರಾಗುವಾಗ ಸುಮಾರು 2ರಿಂದ 2.5 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ನಿಮ್ಮ ನಕ್ಷೆಯ ಅಳತೆಯ ಬೀರುವಿಗೆ 12 ಕೆಜಿ ತಗಡು ಬೇಕೆಂದು ಇಟ್ಟುಕೊಳ್ಳಿ. ಹೆಚ್ಚೆಂದರೆ 30 ಕೆಜಿ. ಇನ್ನು ಹೀಟರಿನ ಕಡೆ ನೋಡಿ. ದಿನಕ್ಕೆ ಎರಡು ಯೂನಿಟ್ಟು, ನಾಲ್ಕು ತಿಂಗಳಿಗೆ 240, ಹತ್ತು ಮಳೆಗಾಲಕ್ಕೆ 2,400 ಯೂನಿಟ್ಟು. ನಮ್ಮ ದೇಶದ ಗ್ರಿಡ್ಡಿನಲ್ಲಿ ಒಂದು ಯೂನಿಟ್ಟಿನ ಹಿಂದೆ ಸರಾಸರಿ 0.7 ಕೆಜಿಯಷ್ಟು ಇಂಗಾಲದ ಡೈಆಕ್ಸೈಡ್ ಇರುತ್ತದೆ. ಒಟ್ಟು ಸುಮಾರು 1,700 ಕೆಜಿ ಆಯಿತು. ತಗಡು ಬಿಟ್ಟು ಬಿದಿರು ಹಾಕಿದ್ದರಿಂದ ನೀವು ಉಳಿಸಿದ್ದು ಮೂರು ವಾರದ ಕರೆಂಟಿನಷ್ಟು. ಬಿದಿರು ಬೇಡ ಎನ್ನುತ್ತಿಲ್ಲ. ನಾಲ್ಕು ಪುಟದ ಪತ್ರದಲ್ಲಿ ಮೂರೂವರೆ ಪುಟ ಬೀರುವಿನ ಮೈ ಬಗ್ಗೆ ಬರೆದಿದ್ದೀರಿ. ಹೀಟರಿಗೆ ಕೊಟ್ಟಿದ್ದು ಒಂದೇ ಸಾಲು. ನನ್ನ ತಕರಾರು ಇರುವುದು ಅಷ್ಟಕ್ಕೇ.

ಆ ಒಂದು ಸಾಲನ್ನು ಬಿಡಿಸೋಣ. ಒಂದು ಕೆಜಿ ನೀರು ಬಟ್ಟೆಯಿಂದ ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು, ಅಂದರೆ ಒಂದು ಯೂನಿಟ್ಟಿನ ಮೂರನೇ ಎರಡು ಭಾಗ. ಬೀರು ಎಷ್ಟೇ ಚೆನ್ನಾಗಿರಲಿ, ಹೀಟರಿನಿಂದ ಒಣಗಿಸುವವರೆಗೆ ಇದು ನಿಸರ್ಗಕ್ಕೆ ಕಟ್ಟಲೇಬೇಕಾದ ಸುಂಕ. ಎರಡು ಕೆಜಿ ನೀರಿಗೆ 1.3 ಯೂನಿಟ್ಟು ಹೋಗಿಯೇ ಹೋಗುತ್ತದೆ. ಹಾಗಾದರೆ ಉಳಿತಾಯ ಎಲ್ಲಿ? ಬೀರುವಿನೊಳಗೆ ಹೋಗುವ ನೀರನ್ನೇ ಕಡಿಮೆ ಮಾಡುವುದರಲ್ಲಿ. ಕೈಯಲ್ಲಿ ಹಿಂಡಿದ ಹತ್ತಿ ಬಟ್ಟೆ ಹೆಚ್ಚುಕಡಿಮೆ ತನ್ನ ತೂಕದಷ್ಟೇ ನೀರು ಹಿಡಿದಿರುತ್ತದೆ. ವಾಷಿಂಗ್ ಮೆಷಿನ್ನಿನ ಜೋರು ಸ್ಪಿನ್ನು ಅದನ್ನು ಅರ್ಧದ ಹತ್ತಿರಕ್ಕೆ ಇಳಿಸುತ್ತದೆ, ಅದು ತಿನ್ನುವ ಕರೆಂಟು ತೀರಾ ಅಲ್ಪ. ನೀರನ್ನು ತಳ್ಳಿ ತೆಗೆಯುವುದು ಅಗ್ಗ, ಆವಿ ಮಾಡಿ ತೆಗೆಯುವುದು ದುಬಾರಿ. ನಿಮ್ಮ ಮನೆಯಲ್ಲಿ ಮೆಷಿನ್ನು ಇಲ್ಲದಿದ್ದರೆ, ಈ ಯೋಜನೆಯ ಮೊದಲ ದುಡ್ಡು ಒಂದು ಹಳೆಯ ಸ್ಪಿನ್ ಡ್ರೈಯರಿಗೆ ಹೋಗಲಿ.

ಡಿಹ್ಯುಮಿಡಿಫೈಯರ್, ಅಂದರೆ ಗಾಳಿಯ ತೇವ ತೆಗೆಯುವ ಯಂತ್ರ, ಇನ್ನೊಂದು ದಾರಿ. ಅದು ಆವಿಯನ್ನು ಮತ್ತೆ ನೀರಾಗಿಸುವಾಗ ಬಿಡುಗಡೆಯಾಗುವ ಶಾಖವನ್ನೇ ಬಟ್ಟೆಯ ಕಡೆ ತಿರುಗಿಸುತ್ತದೆ, ಹಾಗಾಗಿ ಬರೀ ಹೀಟರಿಗಿಂತ ಅರ್ಧದಷ್ಟು ಕರೆಂಟಿನಲ್ಲೂ ಕೆಲಸ ಮುಗಿಯಬಹುದು. ಆದರೆ ಅದರೊಳಗೆ ಕಂಪ್ರೆಸರ್ ಇದೆ, ಗ್ಯಾಸ್ ಇದೆ. ನಾಪೋಕ್ಲಿನಲ್ಲಿ ಕೆಟ್ಟರೆ ಮಡಿಕೇರಿಯಿಂದಲೋ ಮೈಸೂರಿನಿಂದಲೋ ಜನ ಬರಬೇಕು. ನಾನಾದರೆ ಮೊದಲ ಮಾದರಿಗೆ ಅದನ್ನು ಸೇರಿಸುವುದಿಲ್ಲ.

ನಿಮ್ಮ ನಕ್ಷೆಯಲ್ಲಿ ಕಾಣದ ಒಂದು ವಸ್ತು ನಿಮ್ಮ ಮನೆಯಲ್ಲೇ ಇರಬೇಕು: ಬಚ್ಚಲ ಒಲೆ. ಮಳೆಗಾಲದಲ್ಲಿ ಕೊಡಗಿನ ತೋಟದ ಮನೆಗಳಲ್ಲಿ ಹಂಡೆಯ ಕೆಳಗೆ ಬೆಳಿಗ್ಗೆ ಸಂಜೆ ಬೆಂಕಿ ಉರಿಯುತ್ತದೆ. ನೆರಳು ಕಡಿಮೆ ಮಾಡಲು ಸವರಿದ ಸಿಲ್ವರ್ ಓಕ್ ರೆಂಬೆ, ಕಾಫಿ ಗಿಡದ ಬೊಡ್ಡೆ, ಸಿಕ್ಕಿದ್ದೆಲ್ಲ ಅದರೊಳಗೆ. ಬಚ್ಚಲ ಮೇಲಿನ ಹಗ್ಗದಲ್ಲಿ ಬಟ್ಟೆ ಹರವುವುದು ಹೊಸದೇನಲ್ಲ, ಬಾಣಂತಿ ಮನೆಯಲ್ಲಿ ಕೆಂಡದ ಮೇಲೆ ಬಿದಿರ ಬುಟ್ಟಿ ಕವುಚಿ ಮಗುವಿನ ಬಟ್ಟೆ ಬೆಚ್ಚಗೆ ಮಾಡಿದವರೂ ಇದ್ದಾರೆ. ತೊಂದರೆ ಎಂದರೆ ಬಟ್ಟೆಗೆ ಹೊಗೆ ವಾಸನೆ ಹತ್ತುತ್ತದೆ. ಒಲೆಗೆ ಚಿಮಣಿ ಇದ್ದರೆ ಆ ಕೊಳವೆಯ ಸುತ್ತ ಒಂದು ತಗಡಿನ ತೋಳು ಸುತ್ತಿ, ಕೊಳವೆಗೂ ತೋಳಿಗೂ ನಡುವಿನ ಗಾಳಿಯನ್ನು ಸಣ್ಣ ಫ್ಯಾನಿನಿಂದ ಬೀರುವಿಗೆ ಎಳೆಯಬಹುದು. ಹೊಗೆ ಚಿಮಣಿಯೊಳಗೇ ಇರುತ್ತದೆ, ಬಿಸಿ ಮಾತ್ರ ಈಚೆ ಬರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ ಚಿಮಣಿ ಇರುವ ಸುಧಾರಿತ ಒಲೆಯನ್ನು ಹಳ್ಳಿಗಳಿಗೆ ಕೊಟ್ಟಿತು. ಅಂಥದ್ದು ನಿಮ್ಮಲ್ಲಿದ್ದರೆ ಕೆಲಸ ಸುಲಭ. ಒಂದು ಎಚ್ಚರಿಕೆ: ಚಿಮಣಿಯ ಕೊಳವೆಯಲ್ಲಿ ಎಲ್ಲೂ ತೂತು, ಸಡಿಲ ಕೀಲು ಇರಬಾರದು. ಅಗ್ಗಿಷ್ಟಿಕೆಯಲ್ಲಿ ಕೆಂಡ ತುಂಬಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಬಟ್ಟೆ ಒಣಗಿಸುವುದಂತೂ ಬೇಡವೇ ಬೇಡ. ಕೆಂಡ ಬಿಡುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ಬಿಸಿ ಎಷ್ಟು ಬೇಕು ಎಂದು ಕೇಳಿದ್ದೀರಿ. ನೀವು ಬರೆದ 70 ಡಿಗ್ರಿ ಅನಗತ್ಯ. ಕಕ್ಕಡದ, ಅಂದರೆ ಜುಲೈ–ಆಗಸ್ಟಿನ ಜಡಿಮಳೆಯ ದಿನಗಳಲ್ಲಿ ನಮ್ಮ ಗಾಳಿ 22 ಡಿಗ್ರಿ ಇದ್ದು ತೇವಾಂಶ ಶೇಕಡ 95 ಇದ್ದರೆ, ಅದೇ ಗಾಳಿಯನ್ನು 35 ಡಿಗ್ರಿಗೆ ಏರಿಸಿದಾಗ ತೇವಾಂಶ ಶೇಕಡ 45ರ ಆಸುಪಾಸಿಗೆ ಇಳಿಯುತ್ತದೆ. ನೀರು ಹೀರಲು ಅಷ್ಟು ಧಾರಾಳ. ಮೇಲಿನಿಂದ ಹೊರಬರುವ ತೇವದ ಗಾಳಿಯನ್ನು ಒಂದು ಕೊಳವೆಯಲ್ಲಿ ಮನೆಯಾಚೆ ಬಿಡಿ. ಕೋಣೆಯೊಳಗೇ ಬಿಟ್ಟರೆ ಬಟ್ಟೆಯ ನೀರು ಗೋಡೆಗೆ ಹೋಗಿ ಅಲ್ಲಿ ಬೂಷ್ಟು ಹಿಡಿಯುತ್ತದೆ. ಬಿಸಿ ಕಡಿಮೆ ಇಟ್ಟರೆ ನಿಮಗೆ ಇಷ್ಟವಾದ ಬಿದಿರಿಗೂ ಜಾಗ ಸಿಗುತ್ತದೆ. ಈಗ ಆ ವಿಷಯ.

ಸಿಲ್ವರ್ ಓಕಿನ ಚೌಕಟ್ಟು ಒಳ್ಳೆಯ ಆಯ್ಕೆ. ಆಸ್ಟ್ರೇಲಿಯಾದಿಂದ ಬಂದು ನಮ್ಮ ಕಾಫಿಗೆ ನೆರಳಾಗಿ, ಕರಿಮೆಣಸಿಗೆ ಆಸರೆಯಾಗಿ ನಿಂತ ಮರ. ನಿಮ್ಮ ತೋಟದ್ದೇ ಆದರೆ ಸಾಗಣೆಯೂ ಇಲ್ಲ. ಆದರೆ ಅಗಲ ಹಲಗೆ ಮಾಡಬೇಡಿ. ದಿನವೂ ಒದ್ದೆ–ಒಣ, ಒದ್ದೆ–ಒಣ ಎಂದು ನಡೆಯುವ ಪೆಟ್ಟಿಗೆಯಲ್ಲಿ ಅಗಲ ಹಲಗೆ ಬಾಗುತ್ತದೆ, ಬಿರಿಯುತ್ತದೆ. ಹಳೆಯ ಮನೆಬಾಗಿಲುಗಳಲ್ಲಿ ಆಚಾರಿಗಳು ಮಾಡಿದಂತೆ ಚೌಕಟ್ಟಿಗೆ ಗಾಡಿ (ಉದ್ದನೆಯ ಕಾಲುವೆಯಂಥ ಸೀಳು) ಕೊರೆದು, ಹಲಗೆಯನ್ನು ಅಂಟಿಸದೆ ಅದರೊಳಗೆ ಸಡಿಲವಾಗಿ ಕೂರಿಸಿ. ಹಲಗೆ ಉಬ್ಬಲಿ, ಕುಗ್ಗಲಿ, ಬಾಗಿಲು ಮಾತ್ರ ನೇರ ಇರುತ್ತದೆ.

ಬಿದಿರಿನ ಬಗ್ಗೆ ನಿಮಗಿರುವ ನಂಬಿಕೆ ಸ್ವಲ್ಪ ಹೆಚ್ಚಾಯಿತು. ಅದು ಬೇಗ ಬೆಳೆಯುತ್ತದೆ, ಗಟ್ಟಿ, ಹಗುರ, ಎಲ್ಲ ನಿಜ. ಅದರೊಳಗೆ ಪಿಷ್ಟವೂ ಇದೆ. ಆ ಪಿಷ್ಟಕ್ಕಾಗಿಯೇ ಕುಟ್ಟೆ ಹುಳ ಬರುತ್ತದೆ, ಬೂಷ್ಟು ಬರುತ್ತದೆ. ಎಳೆ ಬಿದಿರು ಬೇಡ, ಮೂರು ವರ್ಷ ದಾಟಿದ್ದು ಬೇಕು. ಕಣಿಲೆ ಏಳುವ ಮಳೆಗಾಲದಲ್ಲಿ ಕಡಿಯಬಾರದು, ಚಳಿಗಾಲದಲ್ಲಿ ಕಡಿಯಬೇಕು. ಹರಿಯುವ ನೀರಿನಲ್ಲಿ ವಾರಗಟ್ಟಲೆ ಮುಳುಗಿಸಿಟ್ಟರೆ ಪಿಷ್ಟ ಕೊಚ್ಚಿಹೋಗುತ್ತದೆ ಎಂಬುದು ಹಿಂದಿನವರ ವಿಧಾನ. ಈಗ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಕರಗಿಸಿದ ನೀರಿನಲ್ಲಿ ನೆನೆಸುತ್ತಾರೆ. ನೀರು ತಾಗಿದರೆ ಈ ಬೋರಾನ್ ಲವಣ ತೊಳೆದುಹೋಗುವಂಥದ್ದು. ಆದ್ದರಿಂದ ಒದ್ದೆ ಬಟ್ಟೆಯ ನೀರು ತೊಟ್ಟಿಕ್ಕುವ ಜಾಗದಲ್ಲಿ, ಅಂದರೆ ಬೀರುವಿನ ತಳದಲ್ಲಿ ಮತ್ತು ಬಟ್ಟೆ ನೇತುಹಾಕುವ ಕೋಲಿನಲ್ಲಿ ಬಿದಿರು ಬೇಡ. ತಳಕ್ಕೆ ಸ್ಟೀಲ್ ತಟ್ಟೆ, ಕೋಲಿಗೆ ಅಲ್ಯೂಮಿನಿಯಂ ಪೈಪು. ಗುಜರಿಯ ಅಲ್ಯೂಮಿನಿಯಂ ಆದರೆ ಇನ್ನೂ ಒಳ್ಳೆಯದು, ಕರಗಿಸಿ ಮತ್ತೆ ಎರಕ ಹೊಯ್ಯಲು ಅದಿರಿನಿಂದ ತೆಗೆಯುವ ಶಕ್ತಿಯ ಶೇಕಡ 5ರಷ್ಟು ಸಾಕು. ಬಿದಿರನ್ನು ಪಕ್ಕದ ಗೋಡೆಗಳಿಗೆ ಇಡಿ. ಮೇದರ ಕೈಯಲ್ಲಿ ಚಾಪೆಯಂತೆ ಹೆಣೆಸಿ, ಚೌಕಟ್ಟಿನಿಂದ ಬಿಚ್ಚಲು ಬರುವಂತೆ ಕೂರಿಸಿದರೆ ಐದಾರು ವರ್ಷಕ್ಕೆ ಹಾಳಾದಾಗ ಆ ಚಾಪೆ ಮಾತ್ರ ಬದಲಿಸಿದರಾಯಿತು. ಹಳೆಯದು ಬಚ್ಚಲ ಒಲೆಗೆ.

ಬಿದಿರು ಕಡಿಯುವುದಕ್ಕೆ ಅನುಮತಿ ಬೇಕೇ ಎಂದೂ ಕೇಳಿದ್ದೀರಿ. ಭಾರತೀಯ ಅರಣ್ಯ ಕಾಯ್ದೆಯ ‘ಮರ’ದ ವ್ಯಾಖ್ಯೆಯಿಂದ 2017ರಲ್ಲಿ ಬಿದಿರನ್ನು ತೆಗೆದಿದ್ದಾರೆ. ರಾಜ್ಯದ ನಿಯಮ, ನಿಮ್ಮ ಜಮೀನಿನ ಬಾಣೆ–ಪೈಸಾರಿ (ಕೊಡಗಿನ ಜಮೀನಿನ ಬಗೆಗಳು) ತಗಾದೆ ಬೇರೆ ವಿಷಯ. ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಒಮ್ಮೆ ಕೇಳಿಯೇ ಕತ್ತಿ ಎತ್ತಿ.

ಕಾಫಿ ಹೊಟ್ಟಿನ ಹಲಗೆಗೆ ನನ್ನ ವಿರೋಧವಿದೆ. ಕುಶಾಲನಗರದ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಹೊಟ್ಟು ರಾಶಿ ಬೀಳುವುದು ನೋಡಿದರೆ ಏನಾದರೂ ಮಾಡಬೇಕು ಎನಿಸುವುದು ಸಹಜ. 2019ರಲ್ಲಿ ಅಮೆರಿಕದ ಫೋರ್ಡ್ ಕಂಪನಿ ಮೆಕ್‌ಡೊನಾಲ್ಡ್ಸ್ ಜೊತೆ ಸೇರಿ, ಕಾಫಿ ಹುರಿಯುವಾಗ ಉದುರುವ ಸಿಪ್ಪೆಯನ್ನು ಪ್ಲಾಸ್ಟಿಕ್ಕಿಗೆ ಬೆರೆಸಿ ಕಾರಿನ ಹೆಡ್‌ಲೈಟ್ ಗೂಡು ಮಾಡಿತು. ಲಕ್ಷಗಟ್ಟಲೆ ಅಚ್ಚು ಹೊಯ್ಯುವ ಕಾರ್ಖಾನೆಗೆ ಅದು ಲಾಭ. ನಿಮ್ಮ ಬಾಗಿಲಿಗೆ ಹೊಟ್ಟನ್ನು ಹಿಡಿದಿಡುವುದು ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು. ಬಿಸಿ ಮತ್ತು ತೇವ ಎರಡೂ ಸೇರಿದಾಗ ಅದರಿಂದ ಫಾರ್ಮಾಲ್ಡಿಹೈಡ್ ಎಂಬ ವಿಷಾನಿಲ ಗಾಳಿಗೆ ಹೆಚ್ಚು ಬಿಡುಗಡೆಯಾಗುತ್ತದೆ. ಮಕ್ಕಳ ಬಟ್ಟೆ ನೇತುಹಾಕುವ ಬಿಸಿ ಪೆಟ್ಟಿಗೆಗೆ ಇದಕ್ಕಿಂತ ತಪ್ಪಾದ ವಸ್ತು ನನಗೆ ತೋಚುವುದಿಲ್ಲ. ಮುರಿದ ಮೇಲೂ ಅದನ್ನು ಗೊಬ್ಬರಗುಂಡಿಗೆ ಹಾಕುವಂತಿಲ್ಲ, ಒಲೆಗೂ ಇಡುವಂತಿಲ್ಲ. ಹೊಟ್ಟು ಹೊಟ್ಟಾಗಿಯೇ ಗಿಡದ ಬುಡಕ್ಕೆ ಹೋದರೆ ಅದಕ್ಕೆ ಹೆಚ್ಚಿನ ಮರ್ಯಾದೆ.

ಮೆಕ್ಕೆಜೋಳದ ಪ್ಲಾಸ್ಟಿಕ್, ಅಂದರೆ ಪಿಎಲ್ಎ, ಸುಮಾರು 60 ಡಿಗ್ರಿಗೇ ಮೆತ್ತಗಾಗುತ್ತದೆ. ಹೀಟರಿನ ಪಕ್ಕ ಅದಿರಬಾರದು. ಮನೆಯ ಗೊಬ್ಬರಗುಂಡಿಯಲ್ಲಿ ಅದು ಸುಲಭಕ್ಕೆ ಕೊಳೆಯುವುದೂ ಇಲ್ಲ, ಅದಕ್ಕೆ ಕೈಗಾರಿಕಾ ಗೊಬ್ಬರ ಘಟಕದ ಬಿಸಿ ಬೇಕು. ಇಲ್ಲಿ ಮಾವನವರ ತಗಡೇ ಸರಿ: ಹೀಟರಿನ ಕೋಣೆ ಪೂರ್ತಿ ಲೋಹದ್ದಾಗಿರಲಿ, ಅದಕ್ಕೆ ಅರ್ತ್ ವೈರ್ ಇರಲಿ, ಮರಕ್ಕೂ ಅದಕ್ಕೂ ನಡುವೆ ಗಾಳಿಯಾಡುವ ಸಂದು ಇರಲಿ. ಸುರುಳಿ ತಂತಿಯ ಹೀಟರಿನ ಬದಲು ಪಿಟಿಸಿ ಹೀಟರ್ ತೆಗೆದುಕೊಳ್ಳಿ. ಬಿಸಿ ಏರಿದಂತೆ ಅದರ ರೋಧ ತಾನೇ ಏರಿ ಕರೆಂಟು ಇಳಿಯುತ್ತದೆ. ಆದರೂ ಥರ್ಮೋಸ್ಟಾಟ್ ಬೇಕು, ಅದು ಕೈಕೊಟ್ಟಾಗ ಕರಗುವ ಥರ್ಮಲ್ ಫ್ಯೂಸೂ ಬೇಕು, ಮನೆಯ ಲೈನಿಗೆ ಕರೆಂಟು ಸೋರಿದ ಕೂಡಲೇ ಕಡಿಯುವ 30 ಮಿಲಿಆಂಪಿನ ಸ್ವಿಚ್ಚು (ಆರ್‌ಸಿಸಿಬಿ) ಇದೆಯೇ ನೋಡಿ. ಬಟ್ಟೆಯ ನೂಲುಧೂಳು ಹೀಟರಿನ ಮೇಲೆ ಕೂತರೆ ಹೊತ್ತಿಕೊಳ್ಳುತ್ತದೆ, ಗಾಳಿ ಒಳಬರುವಲ್ಲಿ ತೊಳೆಯಬಹುದಾದ ಜಾಲರಿ ಹಾಕಿ. ಮುಂದೆ ಇದನ್ನು ಮಾರುವ ಯೋಚನೆ ಬಂದರೆ ಮನೆಬಳಕೆಯ ವಿದ್ಯುತ್ ಉಪಕರಣಗಳ ಸುರಕ್ಷತೆಯ ಐಎಸ್ 302 ಮಾನಕವನ್ನೂ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ–ತ್ಯಾಜ್ಯ ನಿಯಮಗಳನ್ನೂ ಓದಬೇಕಾಗುತ್ತದೆ.

ಬಣ್ಣದ ವಿಷಯ ಎರಡೇ ಮಾತು. ಗೇರೆಣ್ಣೆ ಹುಳಕ್ಕೆ ಒಳ್ಳೆಯ ತಡೆ, ಆದರೆ ಚರ್ಮ ಸುಡುತ್ತದೆ, ಬಟ್ಟೆಗೆ ಕಲೆ ಹತ್ತುತ್ತದೆ, ಹೊರಮೈಗೆ ಮಾತ್ರ. ಒಳಗೆ ಅಗಸೆ ಎಣ್ಣೆ ಹಚ್ಚಬಹುದು. ಹಚ್ಚಿದ ಬಟ್ಟೆಚೂರನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುವ ಗುಣ ಅದಕ್ಕಿದೆ. ಬಿಡಿಸಿ ಬಯಲಲ್ಲಿ ಒಣಹಾಕಿ.

ಇನ್ನು ಕೀಲುಗಳು. ನಕ್ಷೆಯಲ್ಲಿ ಎಲ್ಲೆಡೆ ‘ಅಂಟು’ ಎಂದಿದೆ. ಎಲ್ಲ ತೆಗೆದು ಸ್ಟೇನ್‌ಲೆಸ್ ಸ್ಕ್ರೂ, ಬೋಲ್ಟು ಎಂದು ಬರೆಯಿರಿ, ಅದೂ ಊರ ಅಂಗಡಿಯ ಸ್ಕ್ರೂಡ್ರೈವರಿಗೆ ಸಿಗುವಂಥ ತಲೆಯದು. ಫ್ರಾನ್ಸಿನಲ್ಲಿ 2021ರಲ್ಲಿ ವಾಷಿಂಗ್ ಮೆಷಿನ್, ಮೊಬೈಲು ಮುಂತಾದವುಗಳ ಮೇಲೆ ‘ಎಷ್ಟು ಸುಲಭಕ್ಕೆ ರಿಪೇರಿಯಾಗುತ್ತದೆ’ ಎಂದು ಹತ್ತಕ್ಕೆ ಅಂಕ ಹಾಕಲು ಶುರುಮಾಡಿದರು. ನಮ್ಮಲ್ಲೂ ರಿಪೇರಿಯ ಹಕ್ಕಿನ ಬಗ್ಗೆ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿ ಮಾಡಿತು. ನಿಮ್ಮ ಬೀರುವಿಗೆ ಅಂಕ ಹಾಕಬೇಕಾದವರು ನಾಪೋಕ್ಲು ಪೇಟೆಯ ಎಲೆಕ್ಟ್ರಿಷಿಯನ್. ನಕ್ಷೆಯನ್ನು ಮೊದಲು ಅವರಿಗೆ ತೋರಿಸಿ. ಫ್ಯಾನು 12 ವೋಲ್ಟಿನದಾಗಿರಲಿ. ಗಾಳಿಮಳೆಗೆ ಮರ ಬಿದ್ದು ಕರೆಂಟು ಎರಡು ದಿನ ಹೋದರೂ ಬ್ಯಾಟರಿಯಲ್ಲಿ ಅದು ತಿರುಗುತ್ತದೆ, ಚಿಮಣಿಯ ಬಿಸಿಯಲ್ಲಿ ಬಟ್ಟೆ ಒಣಗುತ್ತದೆ. ಬರೀ ಹೀಟರ್ ನಂಬಿದ ಪೆಟ್ಟಿಗೆ ಅದೇ ಹೊತ್ತಿಗೆ ಸುಮ್ಮನೆ ನಿಂತಿರುತ್ತದೆ.

ಬಿದಿರಿನ ಸಂಸ್ಕರಣೆ ಬಗ್ಗೆ ಹೆಚ್ಚು ತಿಳಿಯಬೇಕಿದ್ದರೆ ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ ನಿಮಗೆ ಹತ್ತಿರ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯೂ ಇದೆ.

ಹೇಗೂ ಬಿದಿರು ಕಡಿಯಲು ಚಳಿಗಾಲದವರೆಗೆ ಕಾಯಬೇಕು. ಅಷ್ಟರೊಳಗೆ ಮನೆಯಲ್ಲಿರುವ ಹಳೆಯ ಕಬ್ಬಿಣದ ಬೀರುವಿಗೆ ಮೇಲೊಂದು, ಕೆಳಗೊಂದು ತೂತು ಕೊರೆಸಿ ಫ್ಯಾನು ಹಾಕಿ ನೋಡಿ. ಮೆಣಸು ತೂಗುವ ತಕ್ಕಡಿಯಲ್ಲಿ ಬಟ್ಟೆಯನ್ನು ಒಳಗಿಡುವ ಮೊದಲು ಮತ್ತು ಗಂಟೆಗೊಮ್ಮೆ ತೂಗಿ, ಚಿಮಣಿಯ ಗಾಳಿಯಲ್ಲಿ ಎಷ್ಟು ನೀರು ಹೋಯಿತು, ಹೀಟರಿನಲ್ಲಿ ಎಷ್ಟು ಹೋಯಿತು, ಮೀಟರ್ ಎಷ್ಟು ಓಡಿತು ಎಂದು ಬರೆದಿಡಿ. ಆ ಪಟ್ಟಿಯನ್ನು ನಮಗೂ ಕಳಿಸಿ, ನಕ್ಷೆಯ ಜೊತೆ ಅಚ್ಚು ಹಾಕುತ್ತೇವೆ.

– ಸಂ.