ಇನ್ನೂ ಮೂರು ಎಕರೆ ಲಾವಣಿ ಹಿಡಿಯಲಾ?

ಪ್ರಶ್ನೆ: ನನ್ನದು ನಾಲ್ಕು ಎಕರೆ ಕರಿ ಮಣ್ಣಿನ ಹೊಲ, ಮಳೆ ನಂಬಿದ ಬೇಸಾಯ. ತೊಗರಿ ಎಕರೆಗೆ 3 ಕ್ವಿಂಟಲ್ ದಾಟಲ್ಲ. ಖರ್ಚು ಎಕರೆಗೆ ಸುಮಾರು 16,000 ರೂಪಾಯಿ. ಬದುವಿನ ಆಚೆಯವರಿಗೂ ಅಷ್ಟೇ ಖರ್ಚು, ಆದರೆ 6 ಕ್ವಿಂಟಲ್ ಬರುತ್ತದೆ. ಗೊಬ್ಬರ ನಾನೇ ಜಾಸ್ತಿ ಹಾಕೋದು: ಎಕರೆಗೆ ಎರಡು ಚೀಲ ಡಿಎಪಿ, ಮೇಲೆ ಯೂರಿಯಾ. ಈಗ ಎಕರೆಗೆ 10,000ದಂತೆ ಮೂರು ಎಕರೆ ಲಾವಣಿಗೆ, ಅಂದ್ರೆ ಗುತ್ತಿಗೆಗೆ, ಸಿಗುತ್ತಿದೆ. ಹಿಡಿಯಲಾ?
- ಓದುಗರೊಬ್ಬರು, ಅಫಜಲಪುರ ತಾಲ್ಲೂಕು

ಉತ್ತರ: ಬೇಡ. ನೀವು ಕೊಟ್ಟ ಲೆಕ್ಕವೇ ಬೇಡ ಅನ್ನುತ್ತಿದೆ. ಒಂದು ಕ್ವಿಂಟಲ್ ಮನೆಗೆ ಬರೋಕೆ ನಿಮಗೆ ಸುಮಾರು 5,300 ಬೀಳುತ್ತದೆ, ಅವರಿಗೆ 2,700. ಲಾವಣಿ ಸೇರಿದರೆ ಎಕರೆಗೆ 26,000 ಖರ್ಚು. 2025-26ರ ಬೆಂಬಲ ಬೆಲೆ 8,000 ಪೂರ್ತಿ ಸಿಕ್ಕರೂ 3 ಕ್ವಿಂಟಲ್‌ಗೆ ಬರೋದು 24,000. ಇದರಲ್ಲಿ ಮನೆಯವರ ಕೂಲಿ ಬರೆದಿದ್ದೀರಾ? ಬರೆದಿರಲಿಕ್ಕಿಲ್ಲ, ಯಾರೂ ಬರೆಯಲ್ಲ.

ಗೊಬ್ಬರದ ವಿಷಯಕ್ಕೆ ಬರೋಣ. ಮಳೆ ಆಶ್ರಯದ ತೊಗರಿಗೆ ಎಕರೆಗೆ ಒಂದು ಚೀಲ ಡಿಎಪಿ ಸಾಕು. ಎರಡನೇ ಚೀಲ, ಯೂರಿಯಾ ಸುಮ್ನೆ ದಂಡ. ಯೂರಿಯಾ ಕೊಡೋದು ಸಾರಜನಕ, ಅದನ್ನು ಗಾಳಿಯಿಂದ ತೊಗರಿ ಬೇರಿನ ಗಂಟುಗಳೇ ಹಿಡಿದುಕೊಡುತ್ತವೆ. ಬಿತ್ತಿ 40 ದಿನ ಆದಮೇಲೆ ಒಂದು ಗಿಡವನ್ನು ಮಣ್ಣು ಸಮೇತ ಅಗೆದು ತೆಗೆದು, ಬೇರು ತೊಳೆದು, ಒಂದು ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪು ಇದ್ದರೆ ಕೆಲಸ ನಡೆದಿದೆ. ಗಂಟೇ ಇಲ್ಲ, ಇದ್ದರೂ ಒಳಗೆ ಬೆಳ್ಳಗಿದೆ ಅಂದ್ರೆ ಮುಂದಿನ ಸಲ ಬೀಜಕ್ಕೆ ರೈಜೋಬಿಯಂ (ಈ ಗಂಟು ಕಟ್ಟಿಸುವ ಜೀವಾಣು) ಲೇಪಿಸೋದು ತಪ್ಪಿಸಬೇಡಿ. ಅದರ ಜೊತೆಗೆ ಕೆಜಿ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ (ರೋಗದ ಶಿಲೀಂಧ್ರ ತಡೆಯುವ ಒಳ್ಳೆ ಶಿಲೀಂಧ್ರ) ಕೂಡ ಲೇಪಿಸಿ, ನೆರಳಲ್ಲಿ ಆರಿಸಿ. 2022ರಲ್ಲಿ ನಮ್ಮ ಕಲಬುರಗಿ ಜಿಲ್ಲೆಯಲ್ಲಿ ಗಿಡ ನಿಂತಲ್ಲೇ ಒಣಗಿಸುವ ನೆಟೆ ರೋಗ ಏನು ಮಾಡಿತು ಅಂತ ನಿಮಗೆ ಹೇಳಬೇಕಾಗಿಲ್ಲ, ಅಲ್ವಾ? ಅದರ ಶಿಲೀಂಧ್ರ ಮಣ್ಣಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಅದಕ್ಕೇ ಟಿಎಸ್-3ಆರ್, ಜಿಆರ್‌ಜಿ-811 ಥರದ ನೆಟೆ ತಡೆಯುವ ತಳಿ ಹಾಕಿ, ಒಂದು ವರ್ಷ ಜೋಳಕ್ಕೆ ಬಿಡಿ, ನೀರು ನಿಲ್ಲುವ ಮೂಲೆಗೆ ಕಾಲುವೆ ತೆಗೆಯಿರಿ.

ಕುಡಿ ಚಿವುಟುವುದನ್ನು ನೀವು ಬರೆದೇ ಇಲ್ಲ. 45-50 ದಿನಕ್ಕೆ ತುದಿ ಎರಡು ಬೆರಳಷ್ಟು ಚಿವುಟಿದರೆ ಪಕ್ಕದ ರೆಂಬೆ ಒಡೆಯುತ್ತವೆ, ಕಾಯಿ ಕೂರೋದು ಅಲ್ಲೇ. ತಡ ಮಾಡಿ ಹೂ ಬರುವ ಹೊತ್ತಿಗೆ ಚಿವುಟಿದರೆ ಲಾಭಕ್ಕಿಂತ ನಷ್ಟ.

ಇನ್ನು ಕಾಯಿಕೊರಕ. ಕೀಡೆ ಬೆರಳುದ್ದ ಆದಮೇಲೆ ಡಬ್ಬಿ ಮೇಲೆ ಡಬ್ಬಿ ಹೊಡೆದರೆ ಅಂಗಡಿಯವರಿಗೆ ಲಾಭ. ಅದು ಅಷ್ಟು ಸುಲಭಕ್ಕೆ ಸಾಯಲ್ಲ. ಹೊಡೆಯುವುದಿದ್ದರೆ ಮೊಟ್ಟೆ, ಸಣ್ಣ ಮರಿ ಇದ್ದಾಗಲೇ ಹೊಡೆಯಬೇಕು, ಅದಕ್ಕೆ ಮೊಗ್ಗು ಕಂಡ ದಿನದಿಂದ ವಾರಕ್ಕೆ ಎರಡು ಸಲ ಹೊಲ ಸುತ್ತಬೇಕು. ಬಲಿತ ಕೀಡೆಗೆ ನಮ್ಮ ಹಿರಿಯರ ದಾರಿಯೇ ವಾಸಿ: ಸಾಲಿನ ನಡುವೆ ಇಬ್ಬರು ಹಳೆ ಸೀರೆ ಹಿಡಿಯೋದು, ಮೂರನೆಯವರು ಗಿಡ ಅಲುಗಿಸೋದು. ಪಟಪಟ ಉದುರುತ್ತವೆ. ಮೊದಲ ಸಲ ನೋಡಿದಾಗ ನನಗೆ ಊಟ ಸೇರಿರಲಿಲ್ಲ!

ಇದರಲ್ಲಿ ದುಡ್ಡಿನ ಕೆಲಸ ಕಡಿಮೆ, ಎಲ್ಲವೂ ದಿನ ಮೀರದೆ ಮಾಡುವ ಕೆಲಸ. ನಾಲ್ಕು ಎಕರೆಗೇ ದಿನ ತಪ್ಪುತ್ತಿದೆ ಅಂದ್ರೆ ಏಳಕ್ಕೆ ಹೇಗೆ ಒದಗುತ್ತೀರಿ? ಈ ಸಲ ಬದುವಿನ ಆಚೆ ಹೋಗಿ ಕುಳಿತು, ಬಿತ್ತಿದ್ದು ಯಾವತ್ತು, ಚಿವುಟಿದ್ದು ಯಾವತ್ತು, ಮೊದಲ ಔಷಧಿ ಯಾವತ್ತು ಅಂತ ತಾರೀಖು ಬರೆದುಕೊಂಡು ಬನ್ನಿ. ಎಕರೆಗೆ 5 ಕ್ವಿಂಟಲ್ ಕಂಡ ವರ್ಷ ಲಾವಣಿ ಮಾತಾಡೋಣ.

ಪ್ರಶ್ನೆ: ತೊಗರಿ ಬಿಟ್ಟು ಹಿಂಗಾರಿಗೆ ಮಸೂರ, ಅಂದ್ರೆ ಚನ್ನಂಗಿ ಹಾಕಿದರೆ ಹೇಗೆ?
- ಓದುಗರೊಬ್ಬರು, ಚಿಂಚೋಳಿ

ಉತ್ತರ: ಅದು ಉದ್ದದ ಚಳಿ ಬೇಡುವ ಬೆಳೆ, ಉತ್ತರ ಪ್ರದೇಶ, ಮಧ್ಯಪ್ರದೇಶದ ಕಡೆಯದು. ನಮ್ಮ ಚಳಿ ಸಂಕ್ರಾಂತಿ ದಾಟಿದರೆ ಮುಗಿಯಿತು. ಹಿಂಗಾರಿಗೆ ಕಡಲೆ ಹಾಕಿ.